ಒಳಲೆ ಕೊಳ್ಳುವುದಾದರೆ: ಸ್ಟೀಲು, ಬೆಳ್ಳಿ, ಪ್ಲಾಸ್ಟಿಕ್ಕು ಮತ್ತು ಅಜ್ಜಿ ಕಾಲದ ಹಿತ್ತಾಳೆ

ಕಾರವಾರದಿಂದ ಭಟ್ಕಳದ ತನಕ ಕರಾವಳಿಯ ಪಾತ್ರೆ ಅಂಗಡಿಗಳಲ್ಲಿ, ಘಟ್ಟ ಹತ್ತಿದರೆ ಶಿರಸಿ ಪೇಟೆಯಲ್ಲಿ, ಕೂಸಿಗೆ ಹಾಲು ಕುಡಿಸುವ ಒಳಲೆ ಈಗಲೂ ಸಿಗುತ್ತದೆ. ಹೆಚ್ಚಿನ ಕಡೆ ಎದುರಿಗೆ ಜೋಡಿಸಿಟ್ಟಿರುವುದಿಲ್ಲ, ಕೇಳಿದರೆ ಒಳಗಿನಿಂದ ತಂದುಕೊಡುತ್ತಾರೆ. ಕಾರವಾರದ ಕಡೆ ಮರಾಠಿ ಬಳಕೆಯ ಮನೆಯವರು ಇದನ್ನೇ ಬೋಂಡ್ಲೆ ಎನ್ನುತ್ತಾರೆ. ಅಂಗೈಯಲ್ಲಿ ಕೂರುವ ಪುಟ್ಟ ಬಟ್ಟಲು, ಒಂದು ಪಕ್ಕದಲ್ಲಿ ಹಕ್ಕಿಯ ಕೊಕ್ಕಿನಂತೆ ಚಾಚಿದ ಮೂತಿ. ಇಷ್ಟು ಸರಳವಾದ ವಸ್ತುವಿನಲ್ಲಿ ಆರಿಸುವುದಕ್ಕೇನಿದೆ ಎನ್ನಿಸಬಹುದು. ಇದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಹಾಲು ಹೋಗುವುದು ಈ ಮೂತಿಯ ದಾರಿಯಲ್ಲೇ. ಅಲ್ಲಿ ಒಂದು ಕೂದಲೆಳೆಯ ಸೀಳಿದ್ದರೂ ನಿನ್ನೆಯ ಹಾಲು ಅದರೊಳಗೆ ಉಳಿದುಕೊಳ್ಳುತ್ತದೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಒಂದೇ ತಗಡಿನಿಂದ ಒತ್ತಿ ಮಾಡಿದ, ಬೆಸುಗೆ ಇಲ್ಲದ, ಚಿತ್ತಾರ ಇಲ್ಲದ, ಬಾಯಿ ಅಗಲವಾದ ಸ್ಟೀಲ್ ಒಳಲೆ ಕೊಳ್ಳಿ. 10 ಮಿಲಿ ಹಿಡಿಯುವಂಥದ್ದು ಸಾಕು. ಬೆಳ್ಳಿಯದು ನಾಮಕರಣದ ಉಡುಗೊರೆಗೆ ಚೆಂದ, ದಿನಕ್ಕೆ ಹನ್ನೆರಡು ಬಾರಿ ಕುದಿಸಿ ಬಳಸುವುದಕ್ಕೆ ಅಲ್ಲ. ಪ್ಲಾಸ್ಟಿಕ್ಕಿನದು ಕುದಿಯುವ ನೀರು ತಡೆಯುವಂಥದ್ದಾದರೆ ಮಾತ್ರ. ಹಿತ್ತಾಳೆಯದು ಮನೆಯಲ್ಲಿದ್ದರೆ ನೆನಪಿಗೆ ಇಟ್ಟುಕೊಳ್ಳಿ, ಹಾಲು ಮುಟ್ಟಿಸಬೇಡಿ.

ಈ ತೀರ್ಪಿನ ಹಿಂದೆ ಒಂದೇ ಅಳತೆಗೋಲಿದೆ: ಪಾತ್ರೆಯ ಒಳಮೈಯನ್ನು ಪೂರ್ತಿ ಕಣ್ಣಿನಿಂದ ನೋಡಲು, ಬೆರಳಿನಿಂದ ಉಜ್ಜಲು ಆಗಬೇಕು. ಆ ಅಳತೆಗೋಲು ಬಂದ ದಾರಿ ದುಃಖದ್ದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಕೈಗಾರಿಕಾ ಪಟ್ಟಣಗಳಲ್ಲಿ ಉದ್ದ ರಬ್ಬರ್ ನಳಿಕೆಯ ಗಾಜಿನ ಬಾಟಲಿ ಮನೆಮನೆಯಲ್ಲಿತ್ತು. ಬಾಟಲಿಯನ್ನು ಕೂಸಿನ ಪಕ್ಕಕ್ಕಿಟ್ಟು ನಳಿಕೆಯ ತುದಿಯನ್ನು ಬಾಯಿಗೆ ಕೊಟ್ಟರೆ ಅದು ಮಲಗಿಕೊಂಡೇ ಚೀಪುತ್ತಿತ್ತು, ತಾಯಿ ಕೆಲಸಕ್ಕೆ ಹೋಗಬಹುದಿತ್ತು. ಆದರೆ ಆ ನಳಿಕೆಯ ಒಳಗನ್ನು ತೊಳೆಯಲು ಯಾರಿಂದಲೂ ಆಗುತ್ತಿರಲಿಲ್ಲ. ಬೇಸಿಗೆ ಬಂತೆಂದರೆ ಭೇದಿ, ಭೇದಿಯೊಂದಿಗೆ ಸಾಲುಸಾಲು ಸಾವು. ಫ್ರಾನ್ಸ್ 1910ರಲ್ಲಿ ಆ ಬಾಟಲಿಯನ್ನು ಕಾನೂನಿನಿಂದಲೇ ನಿಷೇಧಿಸಿತು. ಇಂಗ್ಲೆಂಡಿನಲ್ಲಿ ಅದರ ಜಾಗಕ್ಕೆ ದೋಣಿಯಾಕಾರದ, ಎರಡೂ ತುದಿ ತೆರೆದ ಬಾಟಲಿ ಬಂತು. ಒಂದು ತುದಿಯಿಂದ ನೀರು ಬಿಟ್ಟರೆ ಇನ್ನೊಂದರಿಂದ ಹೊರಗೆ ಬರುತ್ತಿತ್ತು. ಹೊಸತನ ಇದ್ದದ್ದು ಅಷ್ಟೇ, ಮತ್ತು ಅಷ್ಟೇ ಬೇಕಾಗಿತ್ತು.

ಎರಡು ಮಹಾಯುದ್ಧಗಳ ನಡುವಿನ ಲೆಕ್ಕ ನೋಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1901ರಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ ಸುಮಾರು 150 ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 1921ರಲ್ಲಿ 83, 1939ರಲ್ಲಿ 51. ಪೆನಿಸಿಲಿನ್ ಇನ್ನೂ ಜನಸಾಮಾನ್ಯರ ಕೈಗೆ ಬಂದಿರಲಿಲ್ಲ. 1918ರ ತಾಯಿ-ಮಕ್ಕಳ ಕಲ್ಯಾಣ ಕಾಯ್ದೆಯ ನಂತರ ಪಟ್ಟಣಗಳ ಸ್ಥಳೀಯ ಸಂಸ್ಥೆಗಳು ಮನೆಗೆ ಹೋಗಿ ನೋಡುವ ಆರೋಗ್ಯ ಸಂದರ್ಶಕಿಯರನ್ನೂ ಶಿಶು ಕೇಂದ್ರಗಳನ್ನೂ ಹೆಚ್ಚಿಸಿದವು. ಹಾಲು, ಚರಂಡಿ, ನೊಣ, ವಸತಿ ಎಲ್ಲದರ ಮೇಲೂ ಕಣ್ಣಿಟ್ಟವು. ಇಳಿದ ಸಾವುಗಳಲ್ಲಿ ಹೆಚ್ಚಿನವು ಮೊದಲ ತಿಂಗಳು ದಾಟಿದ ಕೂಸುಗಳವು, ಅಂದರೆ ಕೊಳೆಯಿಂದ ಆಗುತ್ತಿದ್ದ ಸಾವುಗಳು. ಅವಧಿಗೆ ಮುಂಚೆ ಹುಟ್ಟಿ ಮೊದಲ ವಾರಗಳಲ್ಲೇ ಹೋಗುವ ಕೂಸುಗಳ ಸಂಖ್ಯೆ ಆ ಇಪ್ಪತ್ತು ವರ್ಷಗಳಲ್ಲಿ ಬಹಳ ನಿಧಾನವಾಗಿ ಇಳಿಯಿತು.

ನಮ್ಮ ಕಡೆಯ ಲೆಕ್ಕ ಬೇರೆಯೇ ಇತ್ತು. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತ್ಯದ ಜಿಲ್ಲೆ. 1937ರಲ್ಲಿ ಬ್ರಿಟಿಷ್ ಇಂಡಿಯಾದ ಶಿಶು ಮರಣ ಸಾವಿರಕ್ಕೆ 162, ಅದೇ ವರ್ಷ ಇಂಗ್ಲೆಂಡಿನದು 58. ಮುಂಬಯಿ ನಗರದ 1921ರ ಅಂಕಿ 650ನ್ನೂ ದಾಟಿತ್ತು. ಅದನ್ನು ಹಾಗೆಯೇ ನಂಬುವಂತಿಲ್ಲ; ಹೆರಿಗೆಗೆ ಹೆಂಗಸರು ಊರಿಗೆ ಹೋಗುತ್ತಿದ್ದರು, ಜನನ ಊರಲ್ಲಿ, ಮರಣ ಮುಂಬಯಿಯಲ್ಲಿ ದಾಖಲಾಗುತ್ತಿತ್ತು. ಹಾಗೆಂದು ಒಂದಿಷ್ಟು ಕಳೆದರೂ ಉಳಿಯುವ ಸಂಖ್ಯೆ ಎದೆ ನಡುಗಿಸುವಂಥದ್ದೇ.

ಇವತ್ತಿಗೆ ಬಂದರೆ, 2020ರ ಮಾದರಿ ನೋಂದಣಿ ಲೆಕ್ಕದಲ್ಲಿ ಭಾರತದ ಶಿಶು ಮರಣ 28, ಕರ್ನಾಟಕದ್ದು 19. ದೇಶದ ಆ 28ರಲ್ಲಿ 20 ಸಾವು ಮೊದಲ 28 ದಿನದೊಳಗಿನವು. ಅಂದರೆ ಈಗ ಉಳಿಸಬೇಕಾದದ್ದು ಹೆಚ್ಚಾಗಿ ತೂಕ ಕಡಿಮೆಯ, ಬೇಗ ಹುಟ್ಟಿದ, ಎದೆ ಚೀಪಲು ಇನ್ನೂ ಶಕ್ತಿ ಬಾರದ ಕೂಸನ್ನು. ಒಳಲೆ ಬೇಕಾಗುವುದು ಸರಿಯಾಗಿ ಈ ಕೂಸಿಗೇ. ಸಾಮಾನ್ಯವಾಗಿ 32ರಿಂದ 34 ವಾರಕ್ಕೆ ಹುಟ್ಟಿದವು ನುಂಗಬಲ್ಲವು, ಆದರೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಒಟ್ಟಿಗೆ ಹೊಂದಿಸಲಾರವು. 34 ವಾರ ದಾಟಿದವು ಬಹುಪಾಲು ನೇರ ಎದೆಗೆ ಹೋಗುತ್ತವೆ. 32 ವಾರಕ್ಕಿಂತ ಎಳೆಯವಕ್ಕೆ ಆಸ್ಪತ್ರೆಯಲ್ಲಿ ನಳಿಕೆಯೇ ಬೇಕು, ಮನೆಯಲ್ಲಿ ಒಳಲೆ ಹಿಡಿದು ಕೂರುವ ಸಾಹಸ ಬೇಡ.

ಇನ್ನು ಅಂಗಡಿಗೆ ಹೋಗೋಣ. ಕೈಯಲ್ಲಿ ಒಂದು ಚೂರು ಹತ್ತಿ ಇರಲಿ. ಒಳಲೆಯ ಮೂತಿಯ ಅಂಚಿನ ಸುತ್ತ, ಒಳಗೂ ಹೊರಗೂ, ಆ ಹತ್ತಿಯನ್ನು ಮೆಲ್ಲಗೆ ಎಳೆಯಿರಿ. ಒಂದು ಎಳೆ ಸಿಕ್ಕಿಕೊಂಡರೂ ಅಲ್ಲಿ ಮುಳ್ಳಿದೆ ಎಂದರ್ಥ. ಕೂಸಿನ ಒಸಡು, ತುಟಿಯ ಒಳಚರ್ಮ ಹತ್ತಿಗಿಂತ ಮೆತ್ತಗಿರುತ್ತದೆ. ಬೆರಳಿಗೆ ಗೊತ್ತಾಗದ ಮುಳ್ಳು ಹತ್ತಿಗೆ ಗೊತ್ತಾಗುತ್ತದೆ. ಅಂಚನ್ನು ಹೊರಕ್ಕೆ ಮಡಚಿ ಸುರುಳಿ ಮಾಡಿದ್ದರೆ ನೋಡಲು ನಯವಾಗಿರುತ್ತದೆ, ಆದರೆ ಮಡಿಕೆಯ ಒಳಗೆ ಹಾಲು ಸೇರುತ್ತದೆ. ಮಡಚದೆ ಉಜ್ಜಿ ನುಣುಪು ಮಾಡಿದ ಅಂಚೇ ಒಳ್ಳೆಯದು. ಮೂತಿಯನ್ನು ಬೇರೆ ಮಾಡಿ ಬಟ್ಟಲಿಗೆ ಬೆಸೆದಿದ್ದರೆ ಕೂಡುವ ಜಾಗದಲ್ಲಿ ಒಳಗಡೆ ಗೆರೆ ಕಾಣುತ್ತದೆ. ಅದನ್ನು ವಾಪಸು ಕೊಡಿ.

ಆಮೇಲೆ ನೀರಿನ ಪರೀಕ್ಷೆ. ಅಂಗಡಿಯವರು ಬೇಡ ಎನ್ನುವುದಿಲ್ಲ. ಮುಕ್ಕಾಲು ತುಂಬಿಸಿ ನಿಧಾನ ಬಗ್ಗಿಸಿ. ನೀರು ಮೂತಿಯ ತುದಿಯಿಂದ ಹನಿಹನಿಯಾಗಿ ಕಳಚಿ ಬೀಳಬೇಕು. ಕೆಲವು ಒಳಲೆಗಳಲ್ಲಿ ನೀರು ಮೂತಿಯ ಕೆಳಗಿನಿಂದ ಹಿಂದಕ್ಕೆ ಹರಿದು ಕೈಗೆ ಇಳಿಯುತ್ತದೆ. ಅಂಥದ್ದರಲ್ಲಿ ಹಾಲು ಕೂಸಿನ ಗಲ್ಲಕ್ಕೂ ಕುತ್ತಿಗೆಯ ಮಡಿಕೆಗೂ ಹೋಗುತ್ತದೆ, ಒಳಗೆ ಎಷ್ಟು ಹೋಯಿತೆಂದು ಲೆಕ್ಕ ಸಿಗುವುದಿಲ್ಲ. ಮೂತಿ ತೀರಾ ಚಿಕ್ಕದಾಗಿದ್ದರೆ ಹೀಗಾಗುತ್ತದೆ. ತೀರಾ ಅಗಲವಿದ್ದರೆ ಒಮ್ಮೆಲೇ ಸುರಿಯುತ್ತದೆ. ಔಷಧದ ಅಂಗಡಿಯ 5 ಮಿಲಿ ಸಿರಿಂಜಿನಿಂದ ನೀರು ಹಾಕಿ ಎಷ್ಟು ಹಿಡಿಯುತ್ತದೆ ಎಂದೂ ಅಳೆದುಕೊಳ್ಳಿ. ಒಳಲೆಗಳ ಮೇಲೆ ಅಳತೆ ಬರೆದಿರುವುದು ಅಪರೂಪ.

ಅಯಸ್ಕಾಂತ ಹಿಡಿದು ಒಳ್ಳೆಯ ಸ್ಟೀಲು ಎಂದು ತೋರಿಸುವ ರೂಢಿಯಿದೆ. ಅದರಿಂದ ಏನೂ ಸಿದ್ಧವಾಗುವುದಿಲ್ಲ. 304 ನಂಬರಿನ ಸ್ಟೀಲಿಗೂ ಅಂಟುವುದಿಲ್ಲ, ಅಗ್ಗದ 202ಕ್ಕೂ ಅಂಟುವುದಿಲ್ಲ. ವ್ಯತ್ಯಾಸ ಗೊತ್ತಾಗುವುದು ಬಳಸಿದ ಮೇಲೆ. ಸಮುದ್ರದ ಉಪ್ಪುಗಾಳಿಯಲ್ಲಿ 202ರ ಮೇಲೆ ಸೂಜಿಮೊನೆಯಷ್ಟು ಕಂದು ಚುಕ್ಕೆಗಳು ಏಳುತ್ತವೆ, ಅವನ್ನು ಉಜ್ಜಿ ತೆಗೆದರೆ ಕೆಳಗೆ ಗುಳಿ ಇರುತ್ತದೆ. ಕಡಲ ಹತ್ತಿರದ ಬಾವಿಗಳಲ್ಲಿ ಮೇ ತಿಂಗಳಲ್ಲಿ ನೀರು ಸವಳಾಗುವ ಕಡೆ ಇದು ಇನ್ನೂ ಬೇಗ. ಅದಕ್ಕೇ 304 ಎಂದು ಮುದ್ರೆಯಿದ್ದದ್ದನ್ನು ಕೇಳಿ, ಕುದಿಸಲು ಕುಡಿಯುವ ಸಿಹಿನೀರನ್ನೇ ಬಳಸಿ. ಶಿರಸಿ, ಸಿದ್ದಾಪುರದ ಕಡೆಯವರಿಗೆ ಈ ತಾಪತ್ರಯ ಕಡಿಮೆ.

ಬೆಳ್ಳಿಯ ಒಳಲೆಗೆ ಎರಡು ದೋಷ. ಹೂಬಳ್ಳಿಯ ಕೆತ್ತನೆಯ ಗೆರೆಗಳಲ್ಲಿ ಹಾಲಿನ ಕೊಬ್ಬು ಕೂರುತ್ತದೆ, ಮೂತಿಯನ್ನು ಬಹುತೇಕ ಬೆಸೆದೇ ಕೂಡಿಸಿರುತ್ತಾರೆ. ಜೊತೆಗೆ ಕಪ್ಪಾಗುತ್ತದೆ, ಕಪ್ಪು ಹೋಗಲೆಂದು ಹಲ್ಲುಪುಡಿಯಲ್ಲೋ ವಿಭೂತಿಯಲ್ಲೋ ಉಜ್ಜುತ್ತಾರೆ, ಆ ಪುಡಿ ಬೆಸುಗೆಯ ಸಂದಿಯಲ್ಲಿ ಉಳಿಯುತ್ತದೆ. ಬೆಳ್ಳಿ ತಾನೇ ಸೂಕ್ಷ್ಮಜೀವಿ ಕೊಲ್ಲುತ್ತದೆ, ಕುದಿಸುವುದೇ ಬೇಡ ಎಂಬ ನಂಬಿಕೆಯನ್ನು ದಯವಿಟ್ಟು ಬಿಡಿ. ಹಾಲು ಒಳಲೆಯಲ್ಲಿ ಇರುವುದು ಒಂದೆರಡು ನಿಮಿಷ. ಅಷ್ಟರಲ್ಲಿ ಬೆಳ್ಳಿ ಏನನ್ನೂ ಮಾಡುವುದಿಲ್ಲ.

ಹಿತ್ತಾಳೆಯ ವಿಷಯ ಇನ್ನೂ ಗಂಭೀರ. ಹಿತ್ತಾಳೆ ಪಾತ್ರೆಯಲ್ಲಿ ಕಾಯಿಸಿಟ್ಟ ಹಾಲು ತಾಮ್ರವನ್ನು ಹೀರಿಕೊಳ್ಳುತ್ತದೆ. ಎಳೆಯ ಮಕ್ಕಳ ಯಕೃತ್ತು ಗಟ್ಟಿಯಾಗಿ ಸಾವು ತರುತ್ತಿದ್ದ ಒಂದು ಕಾಯಿಲೆಗೂ ಈ ತಾಮ್ರಕ್ಕೂ ಇರುವ ನಂಟನ್ನು 1980ರ ದಶಕದಲ್ಲಿ ಪುಣೆಯ ಕಡೆ ನಡೆದ ಅಧ್ಯಯನಗಳು ತೋರಿಸಿದವು. ಮನೆಗಳಲ್ಲಿ ಸ್ಟೀಲು, ಅಲ್ಯೂಮಿನಿಯಂ ಬಂದ ಮೇಲೆ ಆ ಕಾಯಿಲೆ ಕಾಣುವುದೇ ಅಪರೂಪವಾಯಿತು. ಕಲಾಯಿ ಹಾಕಿಸಿದ್ದೇವೆ ಎಂದರೂ ಬೇಡ. ಕಲಾಯಿ ಸವೆಯುತ್ತದೆ, ಕಲಾಯಿಯಲ್ಲಿ ಸೀಸ ಬೆರೆತಿರಲೂಬಹುದು.

ಪ್ಲಾಸ್ಟಿಕ್ಕಿನದರ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ತಳದಲ್ಲಿ ತ್ರಿಕೋನದೊಳಗೆ 5 ಎಂದು ಇದ್ದರೆ ಪಾಲಿಪ್ರೊಪಿಲೀನ್, ಕುದಿ ತಡೆಯುತ್ತದೆ. ಗೀರು ಬಿದ್ದ ದಿನ ಎಸೆಯಿರಿ.

ಮನೆಗೆ ತಂದ ಮೇಲೆ ಕೆಲಸ ಶುರು. ಪ್ರತಿ ಸಲ ಬಳಸಿದ ಕೂಡಲೇ ತಣ್ಣೀರಿನಲ್ಲಿ ಗಲಬರಿಸಿ. ನೇರ ಬಿಸಿನೀರು ಹಾಕಿದರೆ ಹಾಲು ಮೈಗೆ ಅಂಟುತ್ತದೆ. ಆಮೇಲೆ ಸೋಪು ಮತ್ತು ಬಿಸಿನೀರಿನಲ್ಲಿ ಬೆರಳಿನಿಂದ ಉಜ್ಜಿ, ಮೂತಿಯ ಒಳಗೂ ತೋರುಬೆರಳು ಹೋಗಲಿ. ತೆಂಗಿನ ನಾರು, ಸ್ಟೀಲಿನ ಜುಂಗು ಬೇಡ, ಗೀರಾಗುತ್ತದೆ. ಮುಚ್ಚಳವಿರುವ ಪಾತ್ರೆಯಲ್ಲಿ ಒಳಲೆ ಪೂರ್ತಿ ಮುಳುಗಿರಬೇಕು. ತೇಲುವಂತೆ ಇಟ್ಟರೆ ಬಟ್ಟಲಿನ ಕೆಳಗೆ ಗಾಳಿಯ ಗುಳ್ಳೆ ಸಿಕ್ಕಿ ಆ ಭಾಗಕ್ಕೆ ನೀರೇ ತಾಗುವುದಿಲ್ಲ. ಕುದಿ ಬಂದ ಮೇಲೆ ಗಡಿಯಾರ ನೋಡಿ ಕನಿಷ್ಠ 10 ನಿಮಿಷ. ಎರಡು ಒಳಲೆ ಇಟ್ಟುಕೊಂಡರೆ ಒಂದು ಕುದಿಯುವಾಗ ಇನ್ನೊಂದು ಕೈಗೆ ಸಿಗುತ್ತದೆ, ರಾತ್ರಿಯ ಹೊತ್ತು ಅವಸರದಲ್ಲಿ ಹಾಗೇ ತೊಳೆದು ಬಳಸುವ ತಪ್ಪು ಆಗುವುದಿಲ್ಲ.

ಇಷ್ಟೆಲ್ಲ ಮಾಡಿ ಕೊನೆಗೆ ಸೆರಗಿನಲ್ಲಿ ಒರೆಸುತ್ತಾರೆ. ಮಾಡಿದ್ದೆಲ್ಲ ಅಲ್ಲಿಗೆ ವ್ಯರ್ಥ. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ, ಮುಗ್ಗಲು ವಾಸನೆ ಬರುತ್ತಿರುತ್ತದೆ. ಆ ಬಟ್ಟೆ ಒಳಲೆಯ ಹತ್ತಿರವೂ ಸುಳಿಯಬಾರದು. ನೀರು ಬಸಿದು, ಅದೇ ಪಾತ್ರೆಯೊಳಗೆ ಮುಚ್ಚಳ ಹಾಕಿ ಬಿಟ್ಟುಬಿಡಿ. ಬಳಸುವಾಗ ಕೈ ತೊಳೆದು ಹೊರ ಅಂಚನ್ನು ಮಾತ್ರ ಹಿಡಿದು ಎತ್ತಿ.

ಹಾಲು ಕುಡಿಸುವ ಕ್ರಮ. ಕೂಸು ಎಚ್ಚರವಿರಬೇಕು, ಆದರೆ ಅಳುತ್ತಿರಬಾರದು. ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲೆ ಅರೆಕೂತಂತೆ ಹಿಡಿಯಿರಿ, ಕುತ್ತಿಗೆ ಮತ್ತು ತಲೆ ನಿಮ್ಮ ಎಡಗೈಯಲ್ಲಿ. ಕಾಲು ಚಾಚಿ ಕೂತು ಕೂಸನ್ನು ಕಾಲಿನ ಮೇಲೆ ಅಂಗಾತ ಮಲಗಿಸಿ ಹಾಲು ಹಾಕುವ ಹಳೆಯ ಭಂಗಿ ಎಣ್ಣೆನೀರಿಗೆ ಸರಿ, ಹಾಲಿಗೆ ಅಲ್ಲ. ಒಳಲೆಯ ಮೂತಿ ಕೆಳತುಟಿಯ ಮೇಲೆ, ಬಾಯಿಯ ಒಂದು ಮೂಲೆಗೆ ತಾಗಿರಲಿ. ನಾಲಗೆಯ ಮೇಲೆ ಒತ್ತಬೇಡಿ. ಹಾಲು ತುಟಿಗೆ ತಾಗುವಷ್ಟು ಬಗ್ಗಿಸಿ ನಿಲ್ಲಿಸಿ. ಗಂಟಲು ಮೇಲೆ ಕೆಳಗೆ ಆಡಿ ನುಂಗಿದ್ದು ಕಂಡ ಮೇಲೆ ಮುಂದಿನ ಗುಟುಕು. ವೇಗ ಕೂಸಿನದ್ದು, ಕೈಯದ್ದಲ್ಲ. ನಿದ್ದೆಗೆ ಜಾರಿದರೆ ಅಂಗಾಲು ತಟ್ಟಿ ಎಬ್ಬಿಸಿ. ಏಳದಿದ್ದರೆ ಅಲ್ಲಿಗೆ ನಿಲ್ಲಿಸಿ. ಮುಗಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸಿ.

ಮೂಗು ಹಿಡಿದು ಬಾಯಿ ತೆರೆಸಿ ಹಾಲು ಹಾಕುವುದು ಇನ್ನೂ ಕೆಲವು ಕಡೆ ನಡೆಯುತ್ತದೆ. ಅದು ಕೂಸನ್ನು ಮುಳುಗಿಸಿದ ಹಾಗೆಯೇ. ಉಸಿರಿಗಾಗಿ ಬಾಯಿ ತೆರೆದ ಕ್ಷಣಕ್ಕೇ ಹಾಲು ಬೀಳುತ್ತದೆ, ಶ್ವಾಸಕೋಶಕ್ಕೆ ಹೋಗುತ್ತದೆ. ನಾವು ನೆತ್ತಿಗೆ ಹತ್ತಿತು ಎನ್ನುತ್ತೇವೆ, ನೆತ್ತಿ ತಟ್ಟುತ್ತೇವೆ. ಹತ್ತಿದ್ದು ನೆತ್ತಿಗಲ್ಲ, ಉಸಿರುನಾಳಕ್ಕೆ. ಕೆಮ್ಮು ಬಂದರೆ ಕುಡಿಸುವುದನ್ನು ನಿಲ್ಲಿಸಿ ಪಕ್ಕಕ್ಕೆ ತಿರುಗಿಸಿ ಹಿಡಿಯಿರಿ. ತುಟಿ ನೀಲಿಯಾದರೆ, ಎದೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ, ಕೂಸು ಹಿಂದಿನ ದಿನದಂತೆ ಕುಡಿಯದಿದ್ದರೆ, ಮೈ ತಣ್ಣಗಾದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆ.

ಪ್ರಮಾಣವನ್ನು ಆಸ್ಪತ್ರೆಯವರು ತೂಕ ನೋಡಿ ಬರೆದುಕೊಡುತ್ತಾರೆ, ಅದೇ ಅಂತಿಮ. ಅಂದಾಜಿಗೆ ಹೇಳುವುದಾದರೆ ಮೊದಲ ದಿನ ಕಿಲೋ ತೂಕಕ್ಕೆ 60 ಮಿಲಿ, ದಿನದಿನಕ್ಕೆ ಏರುತ್ತ ವಾರದ ಕೊನೆಗೆ 150 ಮಿಲಿಯ ಸುತ್ತ. ಎರಡು ಕಿಲೋ ಕೂಸಿಗೆ ಮೊದಲ ದಿನ 120 ಮಿಲಿ. ಎರಡು ಗಂಟೆಗೊಮ್ಮೆಯಾದರೆ ಪ್ರತಿ ಸಲಕ್ಕೆ 10, ಅಂದರೆ ಒಂದೇ ಒಳಲೆ. ವಾರವಾದಾಗ ಪ್ರತಿ ಸಲಕ್ಕೆ 25, ಎರಡೂವರೆ ಒಳಲೆ. ಮೊದಲು ಪುಟ್ಟ ಅಳತೆ ಲೋಟಕ್ಕೆ ಹಾಕಿಕೊಂಡು ಅಲ್ಲಿಂದ ಒಳಲೆಗೆ ತುಂಬಿಕೊಳ್ಳಿ. ಗಲ್ಲದ ಕೆಳಗಿನ ಬಟ್ಟೆ ಒದ್ದೆಯಾಗಿದ್ದರೆ ಅಷ್ಟು ಹಾಲು ಒಳಗೆ ಹೋಗಿಲ್ಲ. ಒಳಲೆಯ ನಿಜವಾದ ದೌರ್ಬಲ್ಯ ಇದೇ: ಚೆಲ್ಲುತ್ತದೆ. ಹೊಸಬರ ಕೈಯಲ್ಲಿ ಬಹಳ ಚೆಲ್ಲುತ್ತದೆ. ಆಸ್ಪತ್ರೆ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರುತ್ತಾರೆ. ಅವರ ಎದುರಿಗೇ ಒಮ್ಮೆ ಕುಡಿಸಿ ತೋರಿಸಿ, ತೂಕ ಹಾಕಿಸಿ. ಒಳಲೆ ಕೆಲಸ ಮಾಡುತ್ತಿದೆಯೇ ಎಂಬುದಕ್ಕೆ ತಕ್ಕಡಿಯೇ ಸಾಕ್ಷಿ.

ಬಂದರಿನ ಕಡೆಯ ಮನೆಗಳಿಗೆ ಒಂದು ಮಾತು. ಬೆಳಗ್ಗೆ ಮೀನು ಮಾರಲು ಹೋಗುವ ತಾಯಿ ಹಾಲು ಹಿಂಡಿಟ್ಟು ಹೋದರೆ ಅಜ್ಜಿ ಒಳಲೆಯಲ್ಲಿ ಕುಡಿಸಬಹುದು, ಬಾಟಲಿ ಬೇಕಿಲ್ಲ. 25 ಡಿಗ್ರಿಯ ಕೋಣೆಯಲ್ಲಿ ಹಿಂಡಿದ ಎದೆಹಾಲು 4 ಗಂಟೆ ಇರುತ್ತದೆ. ಏಪ್ರಿಲ್, ಮೇ ತಿಂಗಳ ಕಾರವಾರ ಅದಕ್ಕಿಂತ ಬಹಳ ಸೆಕೆ, ಎರಡು ಗಂಟೆಯೊಳಗೆ ಮುಗಿಸುವುದು ಲೇಸು. ಫ್ರಿಜ್ಜಿನಲ್ಲಾದರೆ 24 ಗಂಟೆ. ಬಾಗಿಲಿನ ಅರೆಯಲ್ಲಿ ಬೇಡ, ಒಳಗೆ ಹಿಂದುಗಡೆ ಇಡಿ. ಮೀನಿನ ಐಸಿನ ಪೆಟ್ಟಿಗೆಯಲ್ಲಿ ಹಾಲಿನ ಡಬ್ಬಿ ಇಡಬೇಡಿ, ಆ ಐಸು ಕುಡಿಯುವ ನೀರಿನದ್ದಲ್ಲ, ಕರಗಿದ್ದು ಮುಚ್ಚಳದ ಸಂದಿಗೆ ಇಳಿಯುತ್ತದೆ. ಬಿಸಿ ಮಾಡಲು ಡಬ್ಬಿಯನ್ನು ಬೆಚ್ಚನೆಯ ನೀರಿನಲ್ಲಿ ನಿಲ್ಲಿಸಿ. ಒಳಲೆಯಲ್ಲಿ ಉಳಿದದ್ದನ್ನು ಮತ್ತೆ ಡಬ್ಬಿಗೆ ಸುರಿಯುವಂತಿಲ್ಲ.

ಒಳಲೆಯೊಳಗೆ ಏನು ಹಾಕುತ್ತೀರಿ ಎಂಬುದೂ ಅಷ್ಟೇ ಮುಖ್ಯ. ಮುಂಬಯಿಯ ಚಾಳುಗಳಲ್ಲಿ 1920ರ ದಶಕದಲ್ಲಿ ಗಿರಣಿಗೆ ಹೋಗುವ ತಾಯಂದಿರು ಕೂಸು ಅಳದೆ ಮಲಗಿರಲೆಂದು ಅಫೀಮಿನ ಬಾಳಗೋಳಿ ಕೊಡುತ್ತಿದ್ದರು. ಅವರ ಬಡತನ, ಅವರ ಹತ್ತು ಗಂಟೆಯ ದುಡಿಮೆ ಅದಕ್ಕೆ ಕಾರಣ. ಅಫೀಮು ಹೋಯಿತು, ಆದರೆ ಹರಳೆಣ್ಣೆ, ಜೇನು, ಬಜೆ, ಜಾಯಿಕಾಯಿ ತೇಯ್ದ ಮದ್ದು ಇನ್ನೂ ಒಳಲೆಯಲ್ಲೇ ಹೋಗುತ್ತಿದೆ. ಎಣ್ಣೆ ಉಸಿರುನಾಳಕ್ಕೆ ಇಳಿದರೆ ಕೆಮ್ಮೂ ಬಾರದೆ ಶ್ವಾಸಕೋಶದಲ್ಲಿ ಕೂತು ನ್ಯುಮೋನಿಯಾ ಮಾಡುತ್ತದೆ. ಜೇನು ವರ್ಷ ತುಂಬುವವರೆಗೆ ಬೇಡವೇ ಬೇಡ, ಅದರಲ್ಲಿ ಬಾಟ್ಯುಲಿಸಂ ತರುವ ಬೀಜಾಣು ಇರಬಹುದು. ತೇಯುವ ಕಲ್ಲನ್ನು ಯಾರೂ ಕುದಿಸುವುದಿಲ್ಲ. ಆರು ತಿಂಗಳ ತನಕ ಒಳಲೆಯಲ್ಲಿ ಎದೆಹಾಲು, ವೈದ್ಯರು ಬರೆದ ಔಷಧ, ಬೇರೇನೂ ಇಲ್ಲ. ವೈದ್ಯರೇ ಪುಡಿಹಾಲು ಹೇಳಿದ್ದರೆ ನೀರು ಕುದಿಸಿ, 70 ಡಿಗ್ರಿಗಿಂತ ಕೆಳಗೆ ಇಳಿಯುವ ಮೊದಲೇ ಪುಡಿ ಬೆರೆಸಿ, ಬೇಗ ಆರಿಸಿ, ಎರಡು ಗಂಟೆಯೊಳಗೆ ಮುಗಿಸಿ. ಪುಡಿ ಉಳಿಸಲೆಂದು ತೆಳ್ಳಗೆ ಕಲಸಿದರೆ ಕೂಸು ಹೊಟ್ಟೆ ತುಂಬಿದಂತೆ ಕಂಡು ಬಡಕಲಾಗುತ್ತದೆ.

ಒಳಲೆ ಕೇಳಿದಾಗ ಬಾಟಲಿಯನ್ನು ಮುಂದಿಟ್ಟು, ಎರಡು ಕೊಂಡರೆ ಒಂದು ಉಚಿತ ಎನ್ನುವ ಅಂಗಡಿ ಸಿಕ್ಕರೆ ನೆನಪಿರಲಿ: 1992ರ ಶಿಶು ಹಾಲಿನ ಬದಲಿಗಳ ಕಾಯ್ದೆ, 2003ರ ತಿದ್ದುಪಡಿಯೊಂದಿಗೆ, ಹಾಲಿನ ಬಾಟಲಿಯ ಜಾಹೀರಾತು, ರಿಯಾಯಿತಿ, ಉಡುಗೊರೆ ಎಲ್ಲವನ್ನೂ ನಿಷೇಧಿಸಿದೆ. ಬಾಣಂತಿಗೆ ಕೊಡುವ ಬೇಬಿ ಕಿಟ್ಟಿನಲ್ಲಿ ಬಾಟಲಿ ತುರುಕುವುದೂ ಸರಿಯಲ್ಲ. ಬೇರೆ ದಾರಿಯಿಲ್ಲದೆ ಬಾಟಲಿ ಕೊಳ್ಳಲೇಬೇಕಾದವರು ಐಎಸ್‌ಐ ಮುದ್ರೆ ನೋಡಿ, ಅಗಲ ಬಾಯಿಯದ್ದನ್ನು ಆರಿಸಿ. ರಬ್ಬರಿನ ಮೊಲೆತೊಟ್ಟನ್ನು ಒಳಹೊರಗು ತಿರುಗಿಸಿ ಉಜ್ಜಲು ಬರುತ್ತದೆಯೇ ಎಂದು ಅಂಗಡಿಯಲ್ಲೇ ತಿರುಗಿಸಿ ನೋಡಿ.

ಒಳಲೆ ಬಹಳ ದಿನದ ಸಂಗಾತಿಯಲ್ಲ. ದಿನಕ್ಕೆ ಹಲವು ಬಾರಿ ಎದೆಗೆ ಹಚ್ಚುತ್ತಲೇ ಇರಬೇಕು, ಕೂಸು ಚೀಪಲು ಕಲಿತಂತೆ ಒಳಲೆಯ ಸರದಿ ಒಂದೊಂದಾಗಿ ಕಡಿಮೆ ಮಾಡಬೇಕು. ಬಳಕೆ ಮುಗಿದ ಮೇಲೆ ಇನ್ನೊಂದು ಮನೆಗೆ ಕೊಡುವ ಪದ್ಧತಿ ನಮ್ಮಲ್ಲಿದೆ, ಒಳ್ಳೆಯದೇ. ಕೊಡುವ ಮೊದಲು ಅದೇ ಹತ್ತಿಯ ಚೂರನ್ನು ಮೂತಿಯ ಸುತ್ತ ಇನ್ನೊಮ್ಮೆ ಎಳೆಯಿರಿ. ಕೆಳಗೆ ಬಿದ್ದು ತುದಿ ಸೊಟ್ಟಗಾಗಿದ್ದರೆ ತಟ್ಟಿ ನೇರ ಮಾಡಬೇಡಿ, ಬಗ್ಗಿದ ಜಾಗದಲ್ಲಿ ಸ್ಟೀಲು ಬಿರಿದಿರುತ್ತದೆ. ಅದನ್ನು ಗುಜರಿಗೆ ಹಾಕಿ ಹೊಸದನ್ನೇ ಕೊಡಿ.